ಮರದ ಹಿಂದಿನ ಮನೆ
ಉಕ್ಕಿನ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಹಳೆಯ ನಗರಚಿತ್ರಗಳನ್ನು ಮಾರುವ ಈ ಅಂಗಡಿಯವರಿಗೆ, ಒಂದು ಚಿತ್ರ ಮಾರುವುದೆಂದರೆ ಮಗಳನ್ನು ದೂರದೂರಿಗೆ ಕೊಟ್ಟಷ್ಟು ಸಂಕಟ. ಗಿರಾಕಿಯ ಕೈಗೆ ಮೊದಲು ಭೂತಗನ್ನಡಿ ಬರುತ್ತದೆ, ಆಮೇಲೆ ಕುರ್ಚಿ. "ಸೇತುವೆ ಮೇಲೆ ಟೋಪಿ ಹಿಡ್ಕೊಂಡೋನನ್ನ ನೋಡಿ. ನೂರೈವತ್ತು ವರ್ಷದಿಂದ ಗಾಳಿ ಜೊತೆ ಗುದ್ದಾಡ್ತಾ ಇದಾನೆ, ಪಾಪ!" ಎನ್ನುತ್ತಾರೆ. ಚಿತ್ರ ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ಕೇಳಿದವರಿಗೆ ಬಾಗಿಲು ತೋರಿಸುತ್ತಾರೆ. ಗೋಪುರಕ್ಕೆ ಒಂದು ಕಿಟಕಿ ಹೆಚ್ಚಾಗಿದ್ದರೂ ಕೆತ್ತಿದವನನ್ನು, ಅವನು ಸತ್ತು ಯಾವ ಕಾಲವಾಯಿತೋ, ನಿಂತಲ್ಲೇ ಬೈಯುತ್ತಾರೆ. ಚಿತ್ರದಲ್ಲಿ ಸುಳ್ಳು ಹೇಳಿದವರನ್ನು ಅವರು ಕ್ಷಮಿಸುವವರಲ್ಲ. ಮೊನ್ನೆ, ಯುದ್ಧದಲ್ಲಿ ನೆಲಸಮವಾದ ಊರಿನ ಅಜ್ಜಿಯೊಬ್ಬರು ಬಂದು ತಾವು ಹುಟ್ಟಿದ ಬೀದಿಯ ಚಿತ್ರ ಕೇಳಿದರು. ಚಿತ್ರವೇನೋ ಸಿಕ್ಕಿತು, ಅಜ್ಜಿಯ ಮನೆ ಮಾತ್ರ ಅದರಲ್ಲಿರಲಿಲ್ಲ. ಆ ಜಾಗದಲ್ಲಿ ಕೆತ್ತಿದವನು ಅಂದಕ್ಕೆಂದು ದೊಡ್ಡದೊಂದು ಮರ ನಿಲ್ಲಿಸಿದ್ದ. ಅಜ್ಜಿ ಭೂತಗನ್ನಡಿಯನ್ನು ಆ ಮರದ ಮೇಲೇ ಹಿಡಿದು ಹುಡುಕುತ್ತಿದ್ದರು. ಅಂಗಡಿಯವರು, "ಮನೆ ಮರದ ಹಿಂದಿದೆ, ತಾಯಿ. ಎಲೆ ದಟ್ಟವಾಗಿದೆ, ಅದಕ್ಕೇ ಕಾಣ್ತಿಲ್ಲ," ಎಂದರು. ಅಜ್ಜಿ ಅವರ ಮುಖ ನೋಡಿ ನಕ್ಕರು. "ನಮ್ಮ ಬೀದೀಲಿ ಮರಾನೇ ಇರ್ಲಿಲ್ಲಪ್ಪ. ಆದ್ರೂ ಕಟ್ಟಿಕೊಡು. ಇಷ್ಟು ವರ್ಷ ಆದ್ಮೇಲೆ ನಮ್ಮನೆಗೆ ಸ್ವಲ್ಪ ನೆರಳು ಸಿಕ್ತಲ್ಲ."