ಗಂಜಿ ಹಾಕಿದ ಸೀರೆ

ಬಿ.ಎಸ್ಸಿ. ಕೊನೆಯ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್‌ನಲ್ಲಿ ನಾನು ಒಮ್ಮೆ ಡುಮ್ಕಿ ಹೊಡೆದಿದ್ದೇನೆ. ಮುಂದೆ ಅದೇ ಕೆಮಿಸ್ಟ್ರಿ ಪಾಠ ಹೇಳಿಕೊಂಡು ಬದುಕಿದವಳಾದ್ದರಿಂದ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಈಗ ಬಚ್ಚಿಡುವುದಕ್ಕೂ ಬೇಸರ.

ಅರವತ್ತರ ದಶಕದ ಮೊದಲ ವರ್ಷಗಳು. ತ್ಯಾಗರಾಜನಗರದಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅಮ್ಮನದು ಮಡಿ ಎಂದರೆ ಮಡಿ. ಅವಳು ಅಡುಗೆಗೆ ನಿಂತಾಗ ನಮ್ಮ ಬಟ್ಟೆಯ ಅಂಚು ತಗುಲಿದರೂ ಮತ್ತೆ ಸ್ನಾನ ಮಾಡಿ ಬರುತ್ತಿದ್ದಳು. ಹಾಗಾಗಿ ದೂರ ನಿಲ್ಲುವುದನ್ನು ನಾವು ಮಾತು ಕಲಿಯುವ ಮೊದಲೇ ಕಲಿತಿದ್ದೆವು.

ಡುಮ್ಕಿ ಹೊಡೆದವರಿಗೆ ಕಾಲೇಜಿನಲ್ಲಿ ಜಾಗವಿರಲಿಲ್ಲ. ವರ್ಷವೆಲ್ಲ ಮನೆಯಲ್ಲಿದ್ದು, ಪರೀಕ್ಷೆಯ ದಿನ ಮಾತ್ರ ಲ್ಯಾಬಿಗೆ ಹೋಗಬೇಕು. ಆ ವರ್ಷ ನಾನು ಅಕ್ಕಿ ಆರಿಸಿದ್ದೆಷ್ಟು, ಬಂದವರಿಗೆಲ್ಲ ಕಾಫಿ ಕೊಟ್ಟು "ಇಲ್ಲ, ಇನ್ನೂ ಪಾಸಾಗಿಲ್ಲ" ಎಂದದ್ದೆಷ್ಟು! ಒಬ್ಬ ಗಂಡಿನ ಕಡೆಯವರು ಬಂದು ನನ್ನನ್ನು ನೋಡಿ ಒಪ್ಪಿಯೂ ಹೋಗಿದ್ದರು. ನನಗೆ ಆ ಗಂಡು ಬೇಡವಾಗಿತ್ತು. ಒಂದು ಡಿಗ್ರಿ, ಯಾವುದಾದರೂ ಶಾಲೆಯಲ್ಲಿ ಒಂದು ಕೆಲಸ, ಅಷ್ಟೇ ಬೇಕಾಗಿತ್ತು.

ಅಪ್ಪ ಒಂದೇ ಮಾತು ಹೇಳಿದ್ದರು: "ಇನ್ನೊಂದ್ಸಲ ಕಟ್ಟು. ಈ ಸಲಾನೂ ಆಗ್ಲಿಲ್ಲ ಅಂದ್ರೆ ಸುಮ್ನೆ ಮದ್ವೆಗೆ ಒಪ್ಕೋಬೇಕು."

ನಾನು ಫೇಲಾದದ್ದು ತೂಕದಲ್ಲಿ. ದ್ರಾವಣವೊಂದನ್ನು ಕೊಡುತ್ತಾರೆ. ಅದರಿಂದ ಬೇರಿಯಂ ಸಲ್ಫೇಟಿನ ಬಿಳಿ ಗಸಿ ಇಳಿಸಿ, ಸೋಸಿ, ಕ್ರೂಸಿಬಲ್ ಎಂಬ ಪುಟ್ಟ ಪಿಂಗಾಣಿ ಬಟ್ಟಲಿಗೆ ಹಾಕಿ ಕೆಂಪಗೆ ಕಾಯಿಸಬೇಕು. ಆರಿದ ಮೇಲೆ ತೂಗಬೇಕು. ಮತ್ತೆ ಕಾಯಿಸಿ, ಆರಿಸಿ, ತೂಗಬೇಕು. ಎರಡು ಸಲದ ತೂಕ ಒಂದೇ ಬರುವವರೆಗೂ ಇದೇ ಕೆಲಸ. ಒಂದು ಸುತ್ತಿಗೆ ಮುಕ್ಕಾಲು ಗಂಟೆ. ಕ್ಲಾಸಿನಲ್ಲಿ ಮಾಡುವಾಗ ನನಗೆ ಎರಡನೆಯ ಸುತ್ತಿಗೇ ತೂಕ ನಿಲ್ಲುತ್ತಿತ್ತು. ಪರೀಕ್ಷೆಯಲ್ಲಿ ಮಾತ್ರ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹಣೆಬರಹ ಎಂದುಕೊಂಡಿದ್ದೆ.

ಪರೀಕ್ಷೆಯ ಹಿಂದಿನ ದಿನ ಅಮ್ಮ ತನ್ನ ಒಳ್ಳೆಯ ಹತ್ತಿ ಸೀರೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ, ಹಿಂಡಿ, ಹಿತ್ತಲಲ್ಲಿ ಒಣಹಾಕಿದಳು. ಹೋದ ವರ್ಷವೂ ಅದೇ ಸೀರೆ.

"ಹೋದ್ಸಲ ಸೆರಗಿಗೆಲ್ಲಾ ಮಸಿ ಮಾಡ್ಕೊಂಡ್ ಬಂದಿದ್ದೆ. ಸೀಗೆಕಾಯಿ ಹಾಕಿ ತಿಕ್ಕೀ ತಿಕ್ಕೀ ಕೈ ಬಿದ್ಹೋಯ್ತು," ಎಂದಳು. "ಈ ಸಲ ಗಂಜಿ ಇನ್ನೂ ಗಟ್ಟಿಯಾಗಿ ಹಾಕಿದೀನಿ. ಎದ್ದು ಕಾಣ್ಬೇಕು ನೀನು."

ಬೆಳಿಗ್ಗೆ ಅದನ್ನು ಉಟ್ಟು ಬಸ್ಸಿಗೆ ನಿಂತಾಗ ಹಪ್ಪಳವನ್ನೇ ಸುತ್ತಿಕೊಂಡಂತಿತ್ತು.

ಲ್ಯಾಬಿನ ಬರ್ನರುಗಳು ಹಿಂದಿನಂತೆಯೇ ಹಳದಿ ಉರಿ ಕಾರುತ್ತಿದ್ದವು. ಕ್ರೂಸಿಬಲ್‌ನ ತಳಕ್ಕೆ ಮಸಿ ಹಿಡಿಯುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಮೂರು ಸಲ ತೂಗಿದ್ದೆ, ಮೂರೂ ಬೇರೆ ಬೇರೆ. ಮೂರು ಗಂಟೆಗೆ ಪರೀಕ್ಷೆ ಮುಗಿಯುತ್ತಿತ್ತು. ಕಾಲು ಸೋತಿತ್ತು, ಹೊಟ್ಟೆ ಹಸಿದಿತ್ತು, ಕಣ್ಣ ಮುಂದೆ ಆ ಗಂಡಿನ ಎಣ್ಣೆ ಹಚ್ಚಿದ ಕ್ರಾಪು ಸುಳಿಯುತ್ತಿತ್ತು. ನಾಲ್ಕನೆಯ ಸಲ ಕಾಯಿಸಿ, ಕಾವು ಸ್ವಲ್ಪ ತಗ್ಗಿದ ಮೇಲೆ ಇಕ್ಕಳದಲ್ಲಿ ಹಿಡಿದು, ಪ್ರತಿ ಸಲದಂತೆ ಸೆರಗಿನ ತುದಿಯಿಂದ ತಳದ ಮಸಿ ಒರೆಸಿದೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಒರೆಸದೆ ಇಡುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲ್ಯಾಬಿನ ಅಟೆಂಡರ್ ಹತ್ತಿರ ಬಂದ. ಸುದ್ದಗುಂಟೆಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ನರೆತಲೆಯ ಮನುಷ್ಯ. ಪರೀಕ್ಷೆಗೆ ಕೂತವರ ಜೊತೆ ಅವನು ಮಾತಾಡುವಂತಿರಲಿಲ್ಲ. ನನ್ನ ಪಕ್ಕದ ಸಿಂಕನ್ನು ತೊಳೆಯುತ್ತಾ, ಗೋಡೆ ನೋಡಿಕೊಂಡು ಹೇಳಿದ: "ಉರಿಯಿಂದ ಇಳಿಸಿದ್ಮೇಲೆ ಅದು ಮಡೀಲೈತೆ ಅಂದ್ಕೊಳ್ಳವ್ವಾ. ಬಟ್ಟೆ ತಗುಲಿಸ್ಬಾರ್ದು. ಹೋದ್ವರ್ಷಾನೂ ಹಿಂಗೇ ಮಾಡ್ದೆ ನೀನು. ಹೇಳಕಾಗ್ಲಿಲ್ಲ."

ನನ್ನ ಸೆರಗು ನೋಡಿಕೊಂಡೆ. ಮಸಿಯ ಸುತ್ತ ಗಂಜಿ ಉದುರಿ ಬೂದಿಯಂತೆ ಬೆರಳಿಗೆ ಅಂಟಿತು. ಒರೆಸಿದಾಗಲೆಲ್ಲ ಅದೇ ಗಂಜಿ ಕ್ರೂಸಿಬಲ್‌ಗೂ ಅಂಟಿತ್ತು. ಕಾಯಿಸಿದಾಗ ಸುಟ್ಟುಹೋಗಿ, ಒರೆಸಿದಾಗ ಮತ್ತೆ ಬಂದು ಕೂತಿತ್ತು. ಒಂದೊಂದು ಮಿಲಿಗ್ರಾಂ ತೂಗುವ ತಕ್ಕಡಿಗೆ ಅಷ್ಟು ಸಾಕು. ಕ್ಲಾಸಿಗೆ ಹೋಗುವಾಗ ಉಡುತ್ತಿದ್ದುದು ಗಂಜಿ ಕಾಣದ ಹಳೆಯ ಸೀರೆಗಳು.

ನನಗೆ ಬಂದದ್ದು ಸಿಟ್ಟು. ಒಂದು ಮಾತು ಹೋದ ವರ್ಷವೇ ಹೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತಲ್ಲ ಎಂದು ಹಲ್ಲು ಕಚ್ಚಿದೆ. ಆದರೆ ಹೇಳಿದ್ದರೆ ಅವನ ಕೆಲಸ ಹೋಗುತ್ತಿತ್ತು. ಇವತ್ತೂ ಹೋಗಬಹುದಿತ್ತು.

ಮತ್ತೆ ಕಾಯಿಸಿದೆ. ಮಸಿ ಉರಿದುಹೋಗುವಂತೆ ಬರ್ನರಿನ ಗಾಳಿಕಿಂಡಿ ಪೂರ್ತಿ ತೆರೆದು ಉರಿಯನ್ನು ನೀಲಿಗೆ ತಿರುಗಿಸಿದೆ. ಮುಟ್ಟಲಿಲ್ಲ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಆರಿಸಿ ತೂಗಿದಾಗ ಗಂಟೆ ಎರಡೂಮುಕ್ಕಾಲು. ಈ ಸಲ ಬಂದದ್ದು ಸರಿಯಾದ ತೂಕವೆಂದು ನನಗೆ ಗೊತ್ತಿತ್ತು. ಇನ್ನೊಂದು ಸುತ್ತಿಗೆ ಸಮಯವಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಪೇಪರು ಎತ್ತಿಕೊಳ್ಳಲು ಆ ಕಡೆಯ ಮೇಜಿನಿಂದ ಶುರುಮಾಡಿದ್ದರು. ಅದೇ ಅಂಕಿಯನ್ನು ಕೆಳಗಿನ ಸಾಲಿನಲ್ಲಿ ಇನ್ನೊಮ್ಮೆ ಬರೆದೆ. ತೂಗದೆ ಬರೆದೆ.

ಮನೆಗೆ ಬಂದಾಗ ಅಮ್ಮ ಸೆರಗಿನ ಮಸಿ ನೋಡಿ ತಲೆ ಚಚ್ಚಿಕೊಂಡಳು. ನಾನು ಚಾಪೆಯ ಮೇಲೆ ಬಿದ್ದುಕೊಂಡೆ.

ಫಲಿತಾಂಶ ಬಂತು, ಪಾಸಾಗಿದ್ದೆ. ಗಂಡಿನ ಕಡೆಯವರಿಗೆ ಅಪ್ಪನೇ ಬೇಡವೆಂದು ಕಾಗದ ಬರೆದರು. ಜಯನಗರದ ಹೊಸ ಶಾಲೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಮೊದಲ ದಿನ ಮಕ್ಕಳಿಗೆ ಏನು ಹೇಳಿಕೊಟ್ಟೆನೋ ನೆನಪಿಲ್ಲ. ತೂಗದೆ ಬರೆಯಬಾರದು ಎಂದು ಮಾತ್ರ ಮುಂದೆ ವರ್ಷ ವರ್ಷವೂ ಗಂಟಲು ಹರಿಯುವಂತೆ ಹೇಳಿದೆ. ಹೇಳುವಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಆ ಮೊದಲ ದಿನ ಬೆಳಿಗ್ಗೆ ಅಮ್ಮ ಅದೇ ಸೀರೆಯನ್ನು ಮಡಿಕೆ ಬಿಡಿಸಿ ನನ್ನ ಕೈಗೆ ಕೊಟ್ಟಳು. ರಟ್ಟಿನಂತೆ ನಿಂತಿತ್ತು.

"ಗಟ್ಟಿ ಗಂಜಿ ಹಾಕಿದ್ದಕ್ಕೇ ಕಣೇ ಈ ಸಲ ಪಾಸಾಗಿದ್ದು," ಎಂದಳು. "ಹೋದ್ಸಲ ಸ್ವಲ್ಪ ತೆಳ್ಳಗಾಗಿತ್ತು. ನನ್ನದೇ ತಪ್ಪು ಅಂತ ವರ್ಷವೆಲ್ಲಾ ಕೊರಗಿದೀನಿ."

ನನಗೆ ಅಳು ಬಂತು. ಸಂತೋಷಕ್ಕೆ ಎಂದುಕೊಂಡು ಅವಳೂ ಅತ್ತಳು. "ಹೌದಮ್ಮ, ಗಂಜಿ ಚೆನ್ನಾಗಿತ್ತು," ಎಂದು ಸೀರೆ ಉಟ್ಟುಕೊಂಡು ಹೊರಟೆ.