ಒಂಬತ್ತನೇ ಮಾತು

ನಮ್ಮ ಭಾವನ ತಲೆಯಲ್ಲಿ ಎಂಟು ಮಾತಿಗೆ ಮಾತ್ರ ಜಾಗ. ಇದು ನನ್ನ ಕೊಂಕಲ್ಲ, ಅವರೇ ಫ್ರಿಜ್ಜಿನ ಬಾಗಿಲಿಗೆ ಬರೆದು ಅಂಟಿಸಿದ್ದು.

ಅವರ ಕೆಲಸ ಕಂಪ್ಯೂಟರಿನ ಹೊಟ್ಟೆಯೊಳಗೆ. ಅದಕ್ಕೆ ಕರ್ನಲ್ ಅನ್ನುತ್ತಾರೆ. ನೆಟ್‌ವರ್ಕಿನಿಂದ ದಬದಬ ಬಂದು ಬೀಳುವ ಮಾಹಿತಿಯ ಪ್ಯಾಕೆಟ್ಟುಗಳಿಗೆ ಅಲ್ಲಿ ಮೆಮೊರಿ ಹಂಚುವುದು ಇವರು. ಅವನ್ನು ತುಂಬಿಕೊಳ್ಳುವ ಖಾಲಿ ಡಬ್ಬಿಗಳನ್ನು, ಅಂದರೆ ಬಫರ್‌ಗಳನ್ನು, ಮೊದಲೇ ಸಾಲಾಗಿ ಇಟ್ಟಿರಬೇಕು. ಅವೆಲ್ಲ ತುಂಬಿದ ಮೇಲೆ ಬಂದದ್ದನ್ನು ಬೀಳಿಸಿಬಿಡಬೇಕು. ಜಾಗ ಆಗಲಿ ಎಂದು ಕಾಯುವಂತಿಲ್ಲ, ಬೀಳಿಸಿದೆ ಎಂದು ಹೇಳುವಂತೆಯೂ ಇಲ್ಲ. ಕಳಿಸಿದವನಿಗೆ ಗರಜಿದ್ದರೆ ಮತ್ತೆ ಕಳಿಸುತ್ತಾನೆ. ಯಂತ್ರಕ್ಕೆ ಇದು ಸರಿ. ಈ ಮಹಾನುಭಾವರು ಅದನ್ನು ಮನೆಗೂ ತಂದರು: ಎಂಟು ಮಾತು ತುಂಬಿದ ಮೇಲೆ ಒಂಬತ್ತನೆಯದನ್ನು ಬೀಳಿಸಿಬಿಡುವುದು.

ಹಾಗಾಗಿ ಹನ್ನೊಂದು ವರ್ಷ ನಮ್ಮಕ್ಕ ಎಲ್ಲವನ್ನೂ ಮೂರು ಮೂರು ಸಲ ಹೇಳಿದಳು. ಆ ಚಾಳಿ ಅಂಟಿಕೊಂಡು ಅಂಗಡಿಯಲ್ಲೂ ಮೂರು ಸಲ ಈರುಳ್ಳಿ ಕೇಳಿ, ಮೂರು ಕೆಜಿ ಹೊತ್ತು ತಂದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನಬಹುದಿತ್ತು, ಆದರೆ ಕೋಣ ಎಂಟರವರೆಗೆ ಎಣಿಸುವುದಿಲ್ಲ. ಒಮ್ಮೆ ಬಚ್ಚಲಿನ ನಲ್ಲಿ ಕಿತ್ತು ಬಂದು ನೀರು ನಡುಮನೆಗೆ ನುಗ್ಗಿತು. ಅಕ್ಕ ಕೂಗಿದಳು. ಭಾವ ಎರಡೂ ಪಾದ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡು ಓದು ಮುಂದುವರಿಸಿದರು. ಮೂರನೇ ಕೂಗಿಗೆ ಎದ್ದು ಬಕೆಟ್ ತಂದರು.

ಹೋದ ತಿಂಗಳು ಅಕ್ಕನಿಗೆ ಬೇರೆ ಊರಿನ ಶಾಲೆಯಲ್ಲಿ ಹೆಡ್‌ಮಿಸ್ ಕೆಲಸ ಸಿಕ್ಕಿತು. ನನಗೆ ಫೋನ್ ಮಾಡಿದಳು.

"ಇದೊಂದನ್ನ ಮಾತ್ರ ಅವರಿಗೆ ಒಂದೇ ಸಲ ಹೇಳ್ತೀನಿ ಕಣೋ. ಜೊತೆಗೆ ಬಂದ್ರೆ ಸರಿ. ಇಲ್ಲಾಂದ್ರೆ ನಾನೊಬ್ಬಳೇ ಹೋಗ್ತೀನಿ, ವಾಪಸ್ ಬರಲ್ಲ."

ಮಾರನೇ ಬೆಳಿಗ್ಗೆಯೇ ಅವರ ಮನೆಗೆ ಓಡಿದೆ.

ಟೀ ಕುಡಿಯುವಾಗ ಅಕ್ಕ ಹೇಳಿದಳು: "ರೀ, ನನಗೆ ಕೆಲಸ ಸಿಕ್ಕಿದೆ. ಸೋಮವಾರ ಹೊರಡ್ತೀನಿ. ನೀವೂ ಬರ್ತೀರಾ?"

ಭಾವ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಸವರುತ್ತಲೇ ಇದ್ದರು, ಅದೇ ಒಂದು ತುಂಡಿಗೆ, ಬೆಣ್ಣೆ ಡಬ್ಬಿಯ ತಳ ಕಾಣುವ ತನಕ. ನಾನು ಮೇಜಿನ ಕೆಳಗೆ ಅವರ ಕಾಲಿಗೆ ಒದ್ದೆ.

"ಯಾಕೋ ಒದೀತೀಯ?" ಎಂದರು.

ಒದೆಗೆ ಜಾಗ ಇತ್ತು ನೋಡಿ!

ಸೋಮವಾರ ಅಕ್ಕ ಟ್ಯಾಕ್ಸಿಯಲ್ಲಿ ಕೂತಳು. ಸೂಟ್‌ಕೇಸ್ ತರಲು ಒಳಗೆ ಹೋದ ನನ್ನನ್ನು ಭಾವ ಬಾಗಿಲಲ್ಲಿ ತಡೆದರು.

"ಇನ್ನೆರಡು ಸಲ ಹೇಳಲ್ವೇನೋ ಅವಳು?"

"ಇಲ್ಲ ಭಾವ. ಹೇಳಿದ್ದು ನಿಮಗೆ ಕೇಳಿಸಲೇ ಇಲ್ವಲ್ಲ."

"ಕೇಳಿಸ್ತು ಕಣೋ. ಯಾವಾಗ್ಲೂ ಮೊದಲನೇ ಸಲಾನೇ ಕೇಳಿಸ್ತಿತ್ತು. ಏನು ಉತ್ತರ ಕೊಡೋದು ಅಂತ ಹೊಳೆಯೋಕೆ ಇನ್ನೆರಡು ಸಲ ಬೇಕಾಗ್ತಿತ್ತು, ಅಷ್ಟೆ."

ಪಿತ್ತ ನೆತ್ತಿಗೇರಿತು. ಪಾಪ ಅಂತಲೂ ಅನ್ನಿಸಿತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. "ಈಗ ಹೊಳೀತಾ?" ಎಂದೆ. ಭಾವ ಸೂಟ್‌ಕೇಸ್ ಎತ್ತಿ ನನ್ನ ಕೈಗೆ ಕೊಟ್ಟರು.

ಟ್ಯಾಕ್ಸಿಗೆ ಬಂದು ಅಕ್ಕನಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಮನೆಯ ಬಾಗಿಲಿನತ್ತ ತಿರುಗಿದಳು.

"ಅಯ್ಯೋ ದೇವರೇ, ಇದನ್ನ ಇಷ್ಟು ವರ್ಷದಲ್ಲಿ ನನಗೆ ಹೇಳಬಾರದಿತ್ತಾ?" ಎಂದು ಕಣ್ಣೊರೆಸಿಕೊಂಡು, ಡ್ರೈವರಿಗೆ, "ಹೊರಡಿ," ಎಂದಳು.