ಸಾಲಿನಲ್ಲಿ ಒಂದೇ ಬೋಳು ತಲೆ

ಹೋದ ವಾರ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ರತ್ನಕ್ಕ ನನ್ನನ್ನು ಕಂಡು ಮುಖ ತಿರುಗಿಸಿದರು. ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯವರು. ಕರಿಬೇವು ಕೇಳಲು ಬಂದರೆ ಒಂದು ತಾಸು ಕೂರುವವರು.

ಕಾರಣ ಗೊತ್ತಿತ್ತು. ಅವರ ಸರ ಕಿತ್ತನೆಂದು ಶಿಕ್ಷೆಯಾದ ಓಬಳೇಶ ಅಪೀಲು ಹಾಕಿದ್ದಾನೆ. ಅವನ ವಕೀಲರು ಆಧಾರವಾಗಿ ಹಿಡಿದಿರುವುದು ನನ್ನ ಸಾಕ್ಷಿಯನ್ನು.

ಸರ ಹೋದ ದಿನ ದೇವಸಮುದ್ರದಲ್ಲಿ ನಾವಿಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಹಿಂದಿನಿಂದ ಬೈಕು ಬಂತು, ಸರ ಕಿತ್ತುಕೊಂಡು ಹೋಯಿತು. ರತ್ನಕ್ಕನ ಕತ್ತಿನಲ್ಲಿ ರಕ್ತ. (ಈಗಲೂ ಬೈಕಿನ ಸದ್ದಾದರೆ ನನ್ನ ಕೈ ಕತ್ತಿಗೆ ಹೋಗುತ್ತದೆ.) ನಾನು ಕಂಡದ್ದು ನುಣ್ಣಗೆ ಬೋಳಿಸಿದ ತಲೆ, ನೀಲಿ ಅಂಗಿ. ಮುಖ ಕಾಣಲಿಲ್ಲ.

ಕೆಲವೇ ದಿನಗಳಲ್ಲಿ ಜೈಲಿನಲ್ಲಿ ಗುರುತು ಪರೇಡ್. ತಹಶೀಲ್ದಾರರ ಎದುರು ಸಾಲಾಗಿ ನಿಂತ ಗಂಡಸರು. ಎಲ್ಲರಿಗೂ ಕ್ರಾಪು, ಓಬಳೇಶನದೊಂದೇ ಬೋಳು ತಲೆ. ರತ್ನಕ್ಕ ನೇರ ಅವನತ್ತ ಬೆರಳು ತೋರಿಸಿದರು. ನನ್ನ ಸರದಿ ಬಂದಾಗ, "ಗುರುತಿಸಾಕೆ ಆಗಲ್ಲ ಸಾರ್. ಬೋಳು ತಲೆ ಇರೋದೇ ಒಂದು" ಎಂದೆ. ಕೋರ್ಟಿನಲ್ಲೂ ಅದನ್ನೇ ಹೇಳಿದೆ.

ನಮ್ಮ ಕಡೆ ಮನೆದೇವರಿಗೆ ಮುಡಿ ಕೊಡುವುದೆಂದರೆ ಒಬ್ಬರಲ್ಲ, ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ತಲೆ ಬೋಳಿಸಿಕೊಳ್ಳುತ್ತಾರೆ. ಮುಡಿ ಕೊಡುವ ಆ ವಾರ ಯಾವ ಬಸ್ಸು ಹತ್ತಿದರೂ ಬೋಳು ತಲೆಗಳೇ. ಅಂಥ ನಾಲ್ಕು ಜನ ಸಿಗಲಿಲ್ಲವೇ? ಹೋಗಲಿ, ಎಲ್ಲರ ತಲೆಗೂ ಒಂದೊಂದು ಟವೆಲ್ ಸುತ್ತಿಸಬಹುದಿತ್ತಲ್ಲ?

ಸರ ಸಿಗಲಿಲ್ಲ. ಬೈಕೂ ಸಿಗಲಿಲ್ಲ. ಕುದಾಪುರದ ಕಡೆ ಗಾರೆ ಕೆಲಸ ಮಾಡುತ್ತಿದ್ದ ಓಬಳೇಶ ಜೈಲಿನಲ್ಲಿದ್ದಾನೆ. ಈ ಅಪೀಲು ಗೆಲ್ಲಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅವತ್ತು ಚಳ್ಳಕೆರೆಯಲ್ಲಿ ಬಸ್ಸು ಹತ್ತಿ ರತ್ನಕ್ಕನ ಪಕ್ಕದಲ್ಲೇ ಕೂತೆ.

"ಮಾತಾಡಲ್ವೇನಕ್ಕ?"

"ಕಳ್ಳನ ಕಡೆಯೋರ ಹತ್ರ ಏನ್ ಮಾತೈತೆ? ಹರಿದಿದ್ದು ನನ್ ಕತ್ತು, ನಿಂದಲ್ಲ."

"ಅವನು ಕಿತ್ತಿಲ್ಲ ಅಂತ ನಾನು ಹೇಳಿಲ್ಲ. ನಂಗೆ ಗೊತ್ತಾಗ್ಲಿಲ್ಲ ಅಂದೆ, ಅಷ್ಟೇ. ನೀವು ಮುಖ ನೋಡಿದ್ರಾ?"

"ತಲೆ ನೋಡ್ದೆ. ಮುಖ ನೋಡಾಕೆ ನಾನೇನ್ ಅವನಿಗೆ ಹೆಣ್ಣು ಕೊಡಾಕೆ ಹೋಗಿದ್ನಾ?"

ನಾನು ನಕ್ಕೆ. ಅವರು ನಗಲಿಲ್ಲ. ತಮ್ಮ ಮಾತು ತಮಗೇ ಕೇಳಿಸಿದಂತೆ ಸೆರಗನ್ನು ಕತ್ತಿನ ಮೇಲೆ ಎಳೆದುಕೊಂಡರು. ಕಿಟಕಿಯ ಕಡೆ ನೋಡುತ್ತಲೇ ಕೇಳಿದರು:

"ಅವನಲ್ಲ ಅಂದ್ರೆ, ನನ್ ಸರ ಕಿತ್ತೋನು ಎಲ್ಲವ್ನೆ?"

ಇದೇ ಪ್ರಶ್ನೆ ಪೊಲೀಸರಿಗೆ ಯಾಕೆ ಹುಟ್ಟಲಿಲ್ಲ?